ಕಿತ್ತಳೆ ಬಣ್ಣದ ಕುಣಿಕೆ

ಆ ಮನುಷ್ಯ ಸತ್ತಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಇಂಥ ಬರಹಗಳನ್ನ ಸತ್ತವರ ಬಗ್ಗೆ ಬರೆಯೋದು ರೂಢಿ, ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಅನ್ನೋದೂ ರೂಢಿ. ನನಗೆ ಆ ಅಡ್ಡಿ ಇಲ್ಲ. ಗುಂಡುಕಲ್ಲಿನ ಹಾಗೆ ಇದ್ದಾನೆ. ದೊಮ್ಮಲೂರು ಬಿಟ್ಟು ಯಾವುದೋ ಬೆಟ್ಟದ ಊರಲ್ಲಿ ಬಂಡೆ ಹತ್ತೋದು ಕಲಿಸೋ ಕ್ಯಾಂಪ್ ಶುರು ಮಾಡಿದ್ದಾನಂತೆ. ಅಲ್ಲೂ ಒಂದು ಕನ್ನಡಿ ಸಿಕ್ಕಿರುತ್ತೆ, ಅಲ್ಲೂ ನಾಲ್ಕು ಜನ ಬಾಯಿ ಬಿಟ್ಕೊಂಡು ಸುತ್ತ ನಿಂತಿರ್ತಾರೆ.

ಹೆಸರು ಹೇಳಲ್ಲ. ಎಲ್ಲರೂ ಕೋಚ್ ಅಂತಿದ್ರು, ನಾನೂ ಅಂತಿದ್ದೆ. ಎದುರಿಗೆ 'ನೀವು', 'ಹೇಳಿ ಕೋಚ್' ಅಂತಲೇ ಮಾತಾಡ್ತಿದ್ದೆ. ಈಗ ಕೂತು ಬರೆಯುವಾಗ ಬಹುವಚನ ಕೊಡೋಕೆ ಕೈ ಬರ್ತಿಲ್ಲ. ಅದಕ್ಕೆ ಕ್ಷಮೆ ಕೇಳೋ ಮನಸ್ಸೂ ಇಲ್ಲ.

ದೊಮ್ಮಲೂರು ಫ್ಲೈಓವರಿನ ಹಿಂದೆ ಒಂದು ಹಳೇ ಗೋಡೌನು. ಅದರೊಳಗೆ ಸೂರಿನವರೆಗೂ ಪ್ಲೈವುಡ್ ಗೋಡೆ, ಗೋಡೆ ತುಂಬಾ ಬಣ್ಣಬಣ್ಣದ ಪ್ಲಾಸ್ಟಿಕ್ ಕಲ್ಲುಗಳು. ಆಫೀಸು ಮುಗಿಸಿ ಬಂದ ಜನ ಅದನ್ನ ಹತ್ತುತ್ತಾರೆ, ಇಳೀತಾರೆ, ಮತ್ತೆ ಹತ್ತುತ್ತಾರೆ. ನಮ್ಮಪ್ಪನಿಗೆ ಇದನ್ನ ಅರ್ಥ ಮಾಡಿಸೋಕೆ ನನಗೆ ಇವತ್ತಿನವರೆಗೂ ಆಗಿಲ್ಲ. "ಮೇಲೆ ಏನಿದೆ?" ಅಂತ ಕೇಳ್ತಾರೆ. ಏನೂ ಇಲ್ಲಪ್ಪ. ನಾವು ಕೆ.ಆರ್. ಪುರದ ಕಡೆ ಹಳ್ಳಿಯೋರು. ಅಪ್ಪ ಸೊಪ್ಪು ಬೆಳೀತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳಿವೆ, ರಾಯಚೂರು, ಯಾದಗಿರಿ ಕಡೆ ಸಂಸಾರಗಳು ಇದ್ದಾವೆ. ಮನೆಯಲ್ಲಿ ಯಾರೂ ನನ್ನನ್ನ ದುಡಿ ಅಂದಿರಲಿಲ್ಲ. ಬಿ.ಕಾಂ. ಮುಗಿಸಿ ಒಂದು ಆಫೀಸಲ್ಲಿ ಕೂತು ಬೇಜಾರಾಗಿ, ಈ ಗೋಡೆಯ ಹುಚ್ಚು ಹಿಡಿಸ್ಕೊಂಡು, ಕೊನೆಗೆ ಅಲ್ಲೇ ಬಾಗಿಲ ಹತ್ತಿರದ ಡೆಸ್ಕಿನಲ್ಲಿ ಕೆಲಸಕ್ಕೆ ಸೇರಿಕೊಂಡೆ.

ಕೋಚ್ ಹಲಸೂರಿನೋನು. ಒಂದೇ ಉಸಿರಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕರಲ್ಲೂ ಬೈಯೋನು. ಹತ್ತೋದರಲ್ಲಿ ಮಾತ್ರ ಅವನ ಸಮ ಯಾರೂ ಇರಲಿಲ್ಲ, ಇದನ್ನ ಬರೆಯೋಕೂ ಹೊಟ್ಟೆ ಉರಿಯುತ್ತೆ. ಬೇರೆಯವರು ಹತ್ತಿದ್ರೆ ಗೋಡೆ ಜೊತೆ ಕುಸ್ತಿ ಆಡಿದ ಹಾಗಿರುತ್ತೆ. ಅವನು ಹತ್ತಿದ್ರೆ ಮನೆ ಮೆಟ್ಟಿಲು ಹತ್ತಿ ಹೋದ ಹಾಗೆ. ಇಳಿದು ಬಂದವನೇ ಮೊದಲು ನೋಡ್ತಿದ್ದದ್ದು ಕನ್ನಡಿ. ಗೋಡೆಗೆ ಎದುರಾಗಿ ಆಳೆತ್ತರದ ಕನ್ನಡಿ ಹಾಕಿಸಿದ್ದ. ಜನ ತಮ್ಮ ತಪ್ಪು ತಾವೇ ನೋಡ್ಕೊಳ್ಳಲಿ ಅಂತ, ಬಾಯಲ್ಲಿ ಹೇಳ್ತಿದ್ದದ್ದು. ಅದರ ಮುಂದೆ ತಲೆ ಬಾಚ್ಕೊಳ್ತಾ ನಿಂತಿರ್ತಿದ್ದವನು ಅವನೊಬ್ಬನೇ.

ಯಾರಾದ್ರೂ ಕಷ್ಟದ್ದು ಒಂದು ಹತ್ತಿ ಇಳಿದ್ರೆ, ಚಾಕ್ ಪುಡಿ ಮೆತ್ತಿದ ಕೈಯಲ್ಲಿ ಬೆನ್ನಿಗೆ ಒಂದು ಬಾರಿಸ್ತಿದ್ದ. ಕಪ್ಪು ಟೀ ಶರ್ಟ್ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡ್ತಿದ್ವು. "ಕೋಚ್ ಕೈ ಬಿತ್ತು" ಅಂತ ಅದಕ್ಕೊಂದು ಹೆಸರು. ಅದನ್ನ ಯಾರೂ ಕೊಡವ್ತಿರಲಿಲ್ಲ. ಮೆಟ್ರೋದಲ್ಲಿ ಹಾಗೇ ಕೂತು ಮನೆಗೆ ಹೋಗ್ತಿದ್ರು, ಏನೋ ಪ್ರಸಾದ ಹಾಕಿದ ಹಾಗೆ. ನನಗೂ ಒಂದು ಸಲ ಬಿತ್ತು. ಬಾತ್‌ರೂಮಿಗೆ ಹೋಗಿ ಒದ್ದೆ ಬಟ್ಟೆ ತಗೊಂಡು ಒರೆಸಿಕೊಂಡೆ. ಯಾರೋ ಹೋಗಿ ಅವನಿಗೆ ಹೇಳಿದ್ರು. ಅವತ್ತಿಂದ ನಾನು 'ಮೇಡಂ' ಆದೆ, ಬ್ಯಾಗ್ ಹೊಲಿಯೋಕೆ ಶುರು ಮಾಡಿದ ಮೇಲೆ 'ಟೈಲರಮ್ಮ' ಆದೆ. ಟೈಲರ್ ಅನ್ನೋದು ಬೈಗುಳ ಅಲ್ಲ. ಅವನ ಬಾಯಿಂದ ಬಂದ್ರೆ ಬೈಗುಳ ಆಗ್ತಿತ್ತು.

ಬ್ಯಾಗಿನ ವಿಷಯಕ್ಕೆ ಬರ್ತೀನಿ. ಹತ್ತುವಾಗ ಕೈ ಬೆವರುತ್ತೆ, ಬೆವರಿದ್ರೆ ಜಾರುತ್ತೆ. ಅದಕ್ಕೆ ಬಿಳೀ ಚಾಕ್ ಪುಡಿ. ಪುಡಿ ತುಂಬಿದ ಪುಟ್ಟ ಚೀಲವನ್ನ ಸೊಂಟದ ಹಿಂದೆ ಕಟ್ಟಿಕೊಂಡಿರ್ತೀವಿ. ಒಂದು ಕೈಯಲ್ಲಿ ನೇತಾಡ್ತಾ, ಇನ್ನೊಂದು ಕೈಯನ್ನ ನೋಡದೇ ಹಿಂದಕ್ಕೆ ಒಯ್ದು ಅದರೊಳಗೆ ಅದ್ದಬೇಕು. ನಮ್ಮಲ್ಲಿ ಬಾಡಿಗೆಗೆ ಕೊಡೋ ಚೀಲಗಳು ಗಬ್ಬು ನಾರ್ತಿದ್ವು, ಬಾಯಿ ಮುಚ್ಕೊಂಡು ಕೂತಿರ್ತಿದ್ವು, ಬಗ್ಗಿದ್ರೆ ಪುಡಿ ಚೆಲ್ಲೋದು. ಅದನ್ನ ನೋಡಿ ನೋಡಿ ರೋಸಿಹೋಗಿ, ಅಮ್ಮನ ಕಾಲು ತುಳಿಯೋ ಹೊಲಿಗೆ ಮೆಷಿನ್ ಮುಂದೆ ನಾನೇ ಕೂತೆ.

ಹೇಳಿದಷ್ಟು ಸುಲಭ ಇರಲಿಲ್ಲ. ಚೀಲದ ಬಾಯಿ ಸದಾ ದುಂಡಗೆ ತೆರೆದಿರಬೇಕು, ಆದರೆ ಗೋಡೆಗೆ ಬೆನ್ನು ಒತ್ತಿದಾಗ ಚುಚ್ಚಬಾರದು. ತಂತಿ ಹಾಕಿದೆ, ಸೊಟ್ಟಗಾಯ್ತು. ಬಿದಿರಿನ ಸೀಳು ಹಾಕಿದೆ, ಪಟ್ ಅಂತ ಮುರೀತು. ಕೊನೆಗೆ ರಟ್ಟಿನ ಡಬ್ಬಗಳಿಗೆ ಬಿಗಿಯೋ ಪ್ಲಾಸ್ಟಿಕ್ ಪಟ್ಟಿ ಎರಡು ಸುತ್ತು ಹಾಕಿದಾಗ ಸರಿ ಹೋಯ್ತು. ಒಳಗೆ ಚಳಿಗಾಲದ ಜಾಕೆಟ್ಟಿನ ಮೆತ್ತನೆ ಬಟ್ಟೆ, ಅದು ಪುಡಿಯನ್ನ ಹಿಡ್ಕೊಂಡು ಬೇಕಾದಷ್ಟೇ ಕೈಗೆ ಹಚ್ಚುತ್ತೆ. ಬಾಯಿಗೆ ಲಂಗದ ಲಾಡಿ ಎಳೆಯೋ ಹಾಗೆ ಎಳೆದು ಬಿಗಿಯೋಕೆ ದಾರ. ಬೆನ್ನಿನ ಕಡೆ ಎತ್ತರ, ಹೊರಗಡೆ ತಗ್ಗು, ಹಾಗಾಗಿ ಕೈ ತಾನಾಗೇ ಒಳಗೆ ಜಾರುತ್ತೆ. ಇಷ್ಟಕ್ಕೆ ಒಂದು ಇಡೀ ಬೇಸಿಗೆ ಹಿಡೀತು. ರಟ್ಟಿನ ಮೇಲೆ ಅಳತೆ ಕತ್ತರಿಸಿ ಡೆಸ್ಕಿನ ಹಿಂದೆ ಮೊಳೆಗೆ ನೇತು ಹಾಕಿದ್ದೆ.

ಹತ್ತೋಕೆ ಅಂತಲೇ ಇರೋ ಬಿಗಿ ಶೂನ, ಕಾಲಿಗೆ ಹಾಕೋವರೆಗೂ ನೇತು ಹಾಕ್ಕೊಳ್ಳೋಕೆ ಜನ ಚೀಲಕ್ಕೆ ಒಂದು ಕುಣಿಕೆ ಕೇಳ್ತಾರೆ. ನಾನು ಸಣ್ಣ ಹತ್ತಿ ದಾರದ್ದು ಇಟ್ಟಿದ್ದೆ. ಬೇಕಂತಲೇ ಪೀಚಲಾಗಿ ಇಟ್ಟಿದ್ದೆ. ನೋಡಿದ ತಕ್ಷಣ ಇದು ಭಾರ ಹೊರೋದಲ್ಲ ಅಂತ ಮಗುವಿಗೂ ಗೊತ್ತಾಗಬೇಕು.

ಕೋಚ್ ಬಂದ. ಕೈ ಹಾಕಿದ, ತೆಗೆದ, ಕನ್ನಡಿ ನೋಡ್ಕೊಂಡು ಮತ್ತೆ ಹಾಕಿದ. "ಪರವಾಗಿಲ್ವೇ ಟೈಲರಮ್ಮ," ಅಂದ. ಅವನಿಂದ ಅಷ್ಟು ಬಂದದ್ದೇ ಹೆಚ್ಚು. ಆಮೇಲೆ ಆ ದಾರದ ಕುಣಿಕೆಯನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದ, ಸತ್ತ ಹಲ್ಲಿಯ ಬಾಲ ಹಿಡಿದ ಹಾಗೆ.

"ಇದೇನಿದು ಅಸಹ್ಯ? ನಮ್ಮ ಹಾರ್ನೆಸ್ ಲೂಪ್ ಇದ್ಯಲ್ಲ, ಆರೆಂಜ್, ಅದೇ ಪಟ್ಟಿ ಹಾಕು. ದಪ್ಪಗೆ. ಮ್ಯಾಚಿಂಗ್ ಇರಬೇಕು."

ಹಾರ್ನೆಸ್ ಅಂದ್ರೆ ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳೋ ಬೆಲ್ಟು. ಅದರ ಮುಂದೆ, ಹೊಕ್ಕಳ ಕೆಳಗೆ, ಒಂದು ದಪ್ಪ ಕಿತ್ತಳೆ ಕುಣಿಕೆ ಇರುತ್ತೆ. ನಮ್ಮ ಗೋಡೆಯ ತುದಿಯಲ್ಲಿ ಮೆಷಿನ್ ಇದೆ, ಅದರಿಂದ ಒಂದು ಪಟ್ಟಿ ಇಳಿಬಿದ್ದಿರುತ್ತೆ, ತುದಿಗೆ ಕೊಕ್ಕೆ. ಕೊಕ್ಕೆಯನ್ನ ಆ ಕಿತ್ತಳೆ ಕುಣಿಕೆಗೆ ಸಿಕ್ಕಿಸಿಕೊಂಡು ಹತ್ತಬೇಕು. ಹತ್ತಿದ ಹಾಗೆ ಮೆಷಿನ್ ಪಟ್ಟಿಯನ್ನ ಮೆಲ್ಲಗೆ ಮೇಲಕ್ಕೆ ಎಳ್ಕೊಳ್ಳುತ್ತೆ, ಕೈ ಜಾರಿದ್ರೆ ಹಿಡಿದು ನಿಧಾನಕ್ಕೆ ಕೆಳಗಿಳಿಸುತ್ತೆ. ಜೀವ ನಿಂತಿರೋದು ಆ ಒಂದು ಕುಣಿಕೆ ಮೇಲೆ.

"ಕೋಚ್, ಚೀಲ ಸೊಂಟದಲ್ಲಿ ಸುತ್ತ ಜರುಗುತ್ತೆ," ಅಂದೆ. "ಮುಂದಕ್ಕೆ ಬಂದ್ರೆ ಎರಡೂ ಪಕ್ಕಪಕ್ಕ ಇರುತ್ವೆ. ಒಂದೇ ಬಣ್ಣ, ಒಂದೇ ದಪ್ಪ. ಯಾರಾದ್ರೂ ಕೊಕ್ಕೆನ ಚೀಲಕ್ಕೆ ಹಾಕ್ಕೊಂಡ್ರೆ?"

"ಅಷ್ಟು ದಡ್ಡರು ಯಾರಮ್ಮಾ? ಲುಕ್ ಇಲ್ಲಾಂದ್ರೆ ಲೈಫೇ ಇಲ್ಲ ಮಗಾ."

ನಾನು ಹೊಲಿಯಲ್ಲ ಅಂದೆ. ಸರಿ ಬಿಡು ಅಂದ. ಮಾರನೇ ವಾರ ಮೊಳೆ ಮೇಲೆ ರಟ್ಟು ಇರಲಿಲ್ಲ. ಶಿವಾಜಿನಗರದ ಒಂದು ಬ್ಯಾಗ್ ಅಂಗಡಿಗೆ ಕೊಟ್ಟು ಹೊಲಿಸಿ, ರಾಶಿ ಚೀಲ ತಂದು ಡೆಸ್ಕಿನ ಮೇಲೆ, ನನ್ನ ಮುಂದೆಯೇ ಸುರಿದ. ಚೀಲಕ್ಕೆ ನಾನೇ ಇಟ್ಟ ದುಂಡು ಬಾಯಿ, ಒಳಗೆ ನಾನೇ ಹುಡುಕಿದ ಮೆತ್ತನೆ ಬಟ್ಟೆ, ನಾನೇ ಕೊಟ್ಟ ಓರೆ. ಹಿಂದೆ ಹೆಬ್ಬೆರಳು ದಪ್ಪದ ಕಿತ್ತಳೆ ಕುಣಿಕೆ. 'ಕೋಚ್ ಬ್ಯಾಗ್' ಅಂತ ಹೆಸರು. ಎಲ್ಲರೂ ಕೊಂಡರು. "ಎಷ್ಟು ಯೋಚನೆ ಮಾಡಿ ಡಿಸೈನ್ ಮಾಡಿದ್ದಾರೆ ನೋಡಿ," ಅಂತ ನನಗೇ ಬಂದು ಹೇಳಿದ್ರು. ಕದ್ದದ್ದಕ್ಕೆ ಹೊಟ್ಟೆ ಉರೀತು, ನಿಜ. ಅದಕ್ಕಿಂತ ಹೆಚ್ಚು ಉರಿದದ್ದು ಆ ಕುಣಿಕೆ ನೋಡಿ. ಒಂದನ್ನ ಮನೆಗೆ ಒಯ್ದು, ತೊಲೆಗೆ ಕಟ್ಟಿ, ಅಕ್ಕಿ ಮೂಟೆ ನೇತು ಹಾಕಿದೆ. ಪಟ್ಟಿಗೆ ಏನೂ ಆಗಲಿಲ್ಲ. ಚೀಲದ ಬಟ್ಟೆಯೇ ಪರ್ರಂತ ಹರಿದು ಮೂಟೆ ನೆಲಕ್ಕೆ ಬಿತ್ತು. ಹರಿದದ್ದನ್ನ ತಂದು ಅವನ ಮುಂದೆ ಇಟ್ಟೆ.

"ಅಕ್ಕಿ ಮೂಟೆ ಮೆಂಬರ್‌ಶಿಪ್ ತಗೊಂಡಾಗ ನೋಡೋಣ," ಅಂದ. ಸುತ್ತ ಇದ್ದೋರು ಬಿದ್ದು ಬಿದ್ದು ನಕ್ಕರು.

ಆಗ ನಸ್ರೀನ್ ಸೇರಿ ಸ್ವಲ್ಪ ದಿನ ಆಗಿತ್ತು. ಶಿವಾಜಿನಗರದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಮೊದಲ ದಿನ ಗೋಡೆ ನೋಡಿ "ಅರೆ ಅಕ್ಕಾ, ಇದನ್ನ ನಾನಾ?" ಅಂದಿದ್ದಳು. ಆಮೇಲೆ ಬಿಡಲೇ ಇಲ್ಲ. ಕೆಲಸಕ್ಕೆ ಮುಂಚೆ ಬೆಳಿಗ್ಗೆ ಬಂದು, ಹತ್ತಿ, ಮುಖ ಕೆಂಪು ಮಾಡ್ಕೊಂಡು ನಗ್ತಾ ಬ್ಯಾಂಕಿಗೆ ಓಡೋಳು. ಅಷ್ಟು ಖುಷಿಯಾಗಿ ಹತ್ತೋರನ್ನ ನಾನು ಕಡಿಮೆ ನೋಡಿದ್ದೀನಿ.

ಅವತ್ತೂ ಬೆಳಿಗ್ಗೆಯೇ. ಹೊಸಬರು ಹತ್ತೋ ಮುಂಚೆ ಹತ್ತಿರ ಹೋಗಿ ಕೊಕ್ಕೆ ನೋಡೋದು ಕೋಚ್ ಕೆಲಸ. ನಸ್ರೀನ್ ಕೊಕ್ಕೆ ಸಿಕ್ಕಿಸ್ಕೊಂಡು, ಎತ್ತಿ ತೋರಿಸಿ, "ಕೋಚ್, ಓಕೆನಾ?" ಅಂತ ಕೂಗಿದಳು. ಅವನು ಕನ್ನಡಿ ಹತ್ತಿರ ಫೋನ್ ನಿಲ್ಲಿಸ್ಕೊಂಡು ತನ್ನ ವಿಡಿಯೋ ತೆಗೀತಿದ್ದ. ಅಲ್ಲಿಂದಲೇ ತಿರುಗಿ ನೋಡಿದ. ಅವಳ ಹೊಟ್ಟೆ ಮುಂದೆ ಕಿತ್ತಳೆ ಕುಣಿಕೆ ಕಾಣಿಸ್ತು, ಕುಣಿಕೆಯಲ್ಲಿ ಕೊಕ್ಕೆ ಕಾಣಿಸ್ತು. ಹೆಬ್ಬೆಟ್ಟು ಎತ್ತಿ ತೋರಿಸಿದ. ಅವಳು ಹತ್ತಿದಳು.

ನಾನು ಡೆಸ್ಕಿಂದ ತಲೆ ಎತ್ತಿ ನೋಡುವಾಗ ಅವಳು ಅರ್ಧ ದಾಟಿದ್ದಳು. ಮೆಷಿನ್ ಪಟ್ಟಿ ಅವಳ ಟೀ ಶರ್ಟನ್ನ ಪಕ್ಕೆಯವರೆಗೆ ಎಳ್ಕೊಂಡು ಹೋಗಿತ್ತು. ಎಳೀತಿದ್ದದ್ದು ಚೀಲವನ್ನ. ಚೀಲ ಎದೆಯ ಹತ್ತಿರ ನೇತಾಡ್ತಿತ್ತು, ಪುಡಿ ಸುರೀತಿತ್ತು. ಹಾರ್ನೆಸ್ಸಿನ ಕುಣಿಕೆ ಖಾಲಿ. ನನ್ನ ಕಣ್ಣ ಮುಂದೆ ಆ ಅಕ್ಕಿ ಮೂಟೆ ಬಂತು.

"ನಸ್ರೀನ್, ಅಲ್ಲೇ ಇರು! ಕೈ ಬಿಡಬೇಡ!" ಅಂತ ಕಿರುಚಿದೆ.

ಅವನು ತಿರುಗಿ ನೋಡಿದವನೇ ಫೋನ್ ಬಿಸಾಕಿ ಓಡಿದ. ಹಗ್ಗ ಇಲ್ಲ, ಏನಿಲ್ಲ. ಪಕ್ಕದ ಕಲ್ಲುಗಳ ಸಾಲು ಹಿಡಿದು ಬರಿಗೈಯಲ್ಲಿ ಹತ್ತಿದ. ಹತ್ತಿರ ಹೋಗಿ ಒಂದು ಕೈಯಲ್ಲಿ ಅವಳನ್ನ ಗೋಡೆಗೆ ಒತ್ತಿ ಹಿಡಿದು, ಕೊಕ್ಕೆ ಬಿಡಿಸಿ, ಸರಿಯಾದ ಕುಣಿಕೆಗೆ ಹಾಕಿದ. ಒಂದು ಕ್ಷಣ ಹೆಚ್ಚು ಕಡಿಮೆ ಆಗಿದ್ರೆ ಇಬ್ಬರೂ ನೆಲಕ್ಕೆ. ಅಷ್ಟು ಚೆನ್ನಾಗಿ ಮಾಡಿದ. ಉಳಿಸಿದ್ದು ಅವನೇ, ಅದರಲ್ಲಿ ಎರಡು ಮಾತಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದಿದ್ರೆ ನಾನು ಈ ಬರಹ ಬರೀತಾನೇ ಇರಲಿಲ್ಲ.

ಕೆಳಗೆ ಇಳಿದ. ನಸ್ರೀನ್ ಗೋಡೆ ಬುಡದಲ್ಲಿ ಹಾಸಿದ್ದ ಮೆತ್ತೆ ಮೇಲೆ ಕೂತಿದ್ದಳು. ಅವಳ ಮುಂದೆ ನಿಂತು, ಎಲ್ಲರಿಗೂ ಕೇಳಿಸೋ ಹಾಗೆ, "ಕಣ್ಣಿಲ್ವಾ ನಿಂಗೆ? ಬ್ಯಾಂಕಲ್ಲಿ ನೋಟೂ ಹೀಗೇ ಎಣಿಸ್ತೀಯಾ? ನಿನ್ನಂಥೋರು ಮನೇಲಿ ಟೀವಿ ನೋಡ್ಕೊಂಡು ಕೂತ್ಕೋಬೇಕು!" ಅಂದ. ಅವಳು ಅಳ್ತಾ "ಸಾರಿ ಕೋಚ್, ಸಾರಿ ಕೋಚ್" ಅಂತಿದ್ದಳು. ಆಮೇಲೆ ಆ ಚೀಲ ಎತ್ಕೊಂಡು ನನ್ನ ಡೆಸ್ಕಿಗೆ ಬಂದು, ಕುಣಿಕೆ ಎಳೆದು ತೋರಿಸಿ, "ನೋಡು, ಏನೂ ಆಗಿಲ್ಲ. ತಡ್ಕೊಳ್ತು," ಅಂದ. ಮೆಷಿನ್ ಬರೀ ಮೆಲ್ಲಗೆ ಎಳೀತಿತ್ತು, ಅವಳು ಬಿದ್ದಿರಲಿಲ್ಲ, ಅದಕ್ಕೆ ತಡ್ಕೊಳ್ತು. ಅದು ಅವನಿಗೂ ಗೊತ್ತಿತ್ತು. ಅವನ ಹಣೆ ಮೇಲೆ ಬೆವರಿತ್ತು.

"ನೀವೇ ನೋಡಿ ಹೆಬ್ಬೆಟ್ಟು ತೋರಿಸಿದ್ರಿ ಕೋಚ್," ಅಂದೆ.

"ನೀನು ಡೆಸ್ಕ್ ನೋಡ್ಕೋ," ಅಂದ.

ಅಷ್ಟು ದಡ್ಡರು ಯಾರು ಅಂತ ಕೇಳಿದ್ದನಲ್ಲ, ಇಷ್ಟು ವರ್ಷ ಹತ್ತಿದ ಅವನ ಕಣ್ಣೇ ಮೋಸ ಹೋಗಿತ್ತು. ಅದನ್ನ ಒಪ್ಪಿಕೊಂಡಿದ್ರೆ ಅವತ್ತೇ ಎಲ್ಲಾ ಚೀಲ ವಾಪಸ್ ತಗೋಬೇಕಾಗ್ತಿತ್ತು. ಅದರ ಬದಲು ಆ ಹುಡುಗಿಯ ಹೆಸರನ್ನೇ ಒಂದು ಪಾಠ ಮಾಡಿಬಿಟ್ಟ. ಪ್ರತಿ ಹೊಸ ಬ್ಯಾಚಿಗೂ "ಕೊಕ್ಕೆ ನೋಡಿ ಹಾಕ್ಕೊಳ್ಳಿ, ನಸ್ರೀನ್ ಮಾಡ್ಕೋಬೇಡಿ" ಅಂತಿದ್ದ. ಜನ ಅದನ್ನ ಕಲಿತರು. ಒಬ್ಬರ ಹೆಸರು ಹೀಗೆ ಪೆದ್ದುತನಕ್ಕೆ ಇನ್ನೊಂದು ಹೆಸರಾಯ್ತು. ಯಾರಾದ್ರೂ ಶೂ ಲೇಸ್ ಕಟ್ಟಿಕೊಳ್ಳೋದು ಮರೆತರೂ "ಏ ಮಗಾ, ನಸ್ರೀನ್ ಮಾಡ್ದೆ ನೋಡು" ಅನ್ನೋರು, ಹಲ್ಲು ಕಿರಿಯೋರು. ಅವಳು ಬರೋದು ಬಿಟ್ಟಳು. ಎಷ್ಟು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕುಣಿಕೆ ಕತ್ತರಿಸಿ ಹಾಕಿ ಅಂತ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ, ಅವನು ಕಿತ್ತು ಹಾಕಿದ. ಬಾಯಿಬಿಟ್ಟು ಹೇಳಿದೆ. "ಬ್ಯಾಗ್ ವಿಷಯಕ್ಕೆ ಹೊಟ್ಟೆಕಿಚ್ಚು ಪಾಪ," ಅಂದರು. ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ಇವತ್ತು ಯಾರು ಬೀಳ್ತಾರೋ ಅನ್ನೋದೇ ನನಗೆ ಯೋಚನೆ. ಕೆಲಸ ಬಿಟ್ಟುಬಿಡು ಅಂದಳು ಅಮ್ಮ. ನಾನೂ ಬಿಟ್ಟರೆ ಕೊಕ್ಕೆ ನೋಡೋರು ಯಾರು? ಪ್ರತಿಯೊಬ್ಬರ ಹತ್ತಿರ ಎದ್ದು ಹೋಗಿ, ಕೈಯಲ್ಲಿ ಹಿಡಿದು ನೋಡ್ತಿದ್ದೆ. ಅದನ್ನ ನೋಡಿ "ಟೈಲರಮ್ಮನ ಅಳತೆ ಶುರುವಾಯ್ತು" ಅಂತ ಅವನು ಹಾಸ್ಯ ಮಾಡ್ತಿದ್ದ.

ಹೀಗಿರುವಾಗ ಅವನು ಊರು ಬಿಡ್ತೀನಿ ಅಂದ. ಭಾನುವಾರ ಬೀಳ್ಕೊಡುಗೆ. ಎಲ್ಲರೂ ಕೋಚ್ ಬ್ಯಾಗ್ ಕಟ್ಕೊಂಡು ಬರಬೇಕು, ಬೆನ್ನು ತಿರುಗಿಸಿ ಸಾಲಾಗಿ ನಿಂತು ಫೋಟೋ ತೆಗೆಸ್ಕೋಬೇಕು ಅಂತ ತೀರ್ಮಾನ ಆಯ್ತು. ಕೇಕ್ ಬಂತು, ಹಾರ ಬಂತು. ಹಾರವನ್ನ ಅವನೇ ಕನ್ನಡಿ ನೋಡಿ ಸರಿ ಮಾಡ್ಕೊಂಡ. ಒಬ್ಬೊಬ್ಬರೇ ಎದ್ದು ಮಾತಾಡಿದ್ರು. ಒಬ್ಬ ದೊಡ್ಡ ಆಫೀಸರ್ ಕಣ್ಣೊರೆಸ್ಕೊಂಡ. ನನಗೆ ನಗು ಬರ್ತಿತ್ತು, ಸಿಟ್ಟೂ ಬರ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನಸ್ರೀನ್. ಕೈಯಲ್ಲಿ ಮಿಠಾಯಿ ಡಬ್ಬ, ಸೊಂಟದಲ್ಲಿ ಅದೇ ಚೀಲ. ಯಾರೋ ಹಿಂದಿಂದ "ನಸ್ರೀನ್ ಬಂದ್ಳು, ಎಲ್ರೂ ಕೊಕ್ಕೆ ನೋಡ್ಕೊಳ್ರಪ್ಪ" ಅಂದ. ನಕ್ಕರು. ಅವಳೂ ನಕ್ಕಳು, ಅದೇ ನನಗೆ ತಡೆಯೋಕೆ ಆಗಲಿಲ್ಲ. ಡಬ್ಬವನ್ನ ಕೋಚ್ ಕೈಗೆ ಕೊಟ್ಟು, "ನಾನು ಪೆದ್ದಿ ಥರ ಮಾಡಿದ್ದಕ್ಕೆ ನೀವು ಪ್ರಾಣ ಪಣಕ್ಕಿಟ್ರಿ ಕೋಚ್. ಥ್ಯಾಂಕ್ಸ್ ಹೇಳಿರಲಿಲ್ಲ, ಅದಕ್ಕೇ ಬಂದೆ," ಅಂದಳು. ಅವನು ಡಬ್ಬ ತಗೊಂಡ. "ಪರವಾಗಿಲ್ಲ ಮಾ, ಆಗುತ್ತೆ," ಅಂದ. ಕ್ಷಮಿಸೋನ ಮುಖ ಮಾಡ್ಕೊಂಡು ಅಂದ!

"ಈಗ ನಮ್ಮ ಡೆಸ್ಕ್ ಮೇಡಂ ಎರಡು ಒಳ್ಳೆ ಮಾತು ಹೇಳ್ತಾರೆ," ಅಂತ ಯಾರೋ ನನ್ನನ್ನ ಮುಂದೆ ತಳ್ಳಿದ್ರು.

ಡ್ರಾಯರಿಂದ ಕತ್ತರಿ ತಗೊಂಡೇ ಹೋದೆ.

"ಒಂದು ಒಳ್ಳೆ ಮಾತು ಇದೆ," ಅಂದೆ. "ಕೋಚ್ ಅವತ್ತು ಹಗ್ಗ ಇಲ್ಲದೆ ಹತ್ತಿ ನಸ್ರೀನ್‌ನ ಉಳಿಸಿದ್ರು. ಅಂಥ ಧೈರ್ಯ ನನಗಿಲ್ಲ. ಎರಡನೇದು ಒಳ್ಳೇದಲ್ಲ. ಹತ್ತೋ ಮುಂಚೆ ಅವಳು ಕೊಕ್ಕೆ ತೋರಿಸಿ ಓಕೆನಾ ಅಂತ ಕೇಳಿದ್ಲು. ಕೋಚ್ ನೋಡಿ ಹೆಬ್ಬೆಟ್ಟು ತೋರಿಸಿದ್ರು. ಅವರಿಗೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಎರಡು ಕುಣಿಕೆನೂ ಒಂದೇ ಥರ ಇವೆ. ಒಂದೇ ಥರ ಇರ್ಲಿ ಅಂದಿದ್ದು ಅವರೇ. ನಿಮ್ಮೆಲ್ಲರ ಬೆನ್ನ ಮೇಲೂ ಅದೇ ನೇತಾಡ್ತಿದೆ. ಅದನ್ನ ಕತ್ತರಿಸಿ. ಈಗಲೇ. ಇನ್ನು ಯಾವನೂ 'ನಸ್ರೀನ್ ಮಾಡ್ಬೇಡಿ' ಅಂತ ನನ್ನ ಮುಂದೆ ಹೇಳ್ಬೇಡಿ. ತಪ್ಪು ಅವಳದ್ದಲ್ಲ."

"ಇದೆಲ್ಲ ಇವತ್ತೇ ಬೇಕಿತ್ತಾ?" ಅಂತ ಆ ಆಫೀಸರ್ ಗೊಣಗಿದ.

ನಸ್ರೀನ್ ಕೋಚ್ ಮುಖವನ್ನೇ ನೋಡ್ತಿದ್ದಳು. "ಹೌದಲ್ವಾ ಕೋಚ್? ನಾನು ಕೇಳಿದ್ದೆ ಅಲ್ವಾ?" ಅಂದಳು. "ನಾನು ಕೇಳಿದ್ದು ನಂಗೆ ನೆನಪಿತ್ತು. ನೀವು ಹಂಗೆ ಬೈದ್ರಲ್ಲ, ಕೇಳೇ ಇಲ್ವೇನೋ, ನನ್ನ ತಲೇನೇ ಸರಿ ಇಲ್ವೇನೋ ಅನ್ಕೊಂಡ್ಬಿಟ್ಟಿದ್ದೆ."

ಅವನು ಮೆಲ್ಲಗೆ, "ನೀನು ಕೇಳಿದ್ದೆ," ಅಂದ.

ಅವಳು ಬಂದು ನನ್ನ ಕೈಯಿಂದ ಕತ್ತರಿ ತಗೊಂಡಳು. ತನ್ನ ಚೀಲ ಮುಂದಕ್ಕೆ ಎಳ್ಕೊಂಡು ಕುಣಿಕೆ ಕತ್ತರಿಸಿದಳು. ದಪ್ಪ ಪಟ್ಟಿ, ಎರಡು ಮೂರು ಸಲ ಜಗಿದ ಹಾಗೆ ಕತ್ತರಿಸಬೇಕಾಯ್ತು. ಆಮೇಲೆ ಪಕ್ಕದವನದ್ದು. ಅವನು ಏನೋ ಅನ್ನೋಕೆ ಹೋಗಿ ಅವಳ ಮುಖ ನೋಡಿ ಸುಮ್ಮನೆ ಬೆನ್ನು ತಿರುಗಿಸಿದ. ಆಮೇಲೆ ಅವರೇ ಒಬ್ಬರ ಹಿಂದೆ ಒಬ್ಬರು ನಿಂತರು, ಆ ಆಫೀಸರೂ ನಿಂತ. ಕಿತ್ತಳೆ ತುಂಡುಗಳು ನೆಲದ ಮೇಲೆ ಬಿದ್ದವು.

ಉಳಿದದ್ದು ಕೋಚ್‌ದು. ಅವಳು ಹೋಗಿ ಅವನ ಹಿಂದೆ ನಿಂತಳು, ಕತ್ತರಿ ಬಾಯಿ ತೆರೆದು.

ಹಾರ ಹಾಕ್ಕೊಂಡೇ ಅವನು ಕನ್ನಡಿಯಲ್ಲಿ ಅವಳ ಕೈ ನೋಡ್ತಿದ್ದ. ಸಾರಿ ಅಂತಾನೆ ಅಂದ್ಕೊಂಡೆ. ಒಂದೇ ಒಂದು ಸಾರಿ. ಅವಳಿಗೆ ಅಷ್ಟೇ ಬೇಕಿತ್ತು, ನನಗೂ ಅಷ್ಟು ಸಾಕಿತ್ತು.

"ಬುಡಕ್ಕೆ ಕಟ್ ಮಾಡು ಮಾ," ಅಂದ. "ಇಲ್ಲಾಂದ್ರೆ ದಾರ ನೇತಾಡುತ್ತೆ, ನೋಡೋಕೆ ಚೆನ್ನಾಗಿರಲ್ಲ."

ನಸ್ರೀನ್ ಕುಣಿಕೆಯನ್ನ ಸರಿಯಾಗಿ ಮಧ್ಯಕ್ಕೆ, ಸೊಟ್ಟಗೆ ಕತ್ತರಿಸಿದಳು. ಎರಡು ತುಂಡೂ ಎಳೆ ಎಳೆ ಬಿಚ್ಚಿಕೊಂಡು ಅವನ ಹಿಂದೆ ನೇತು ಬಿದ್ದವು. ಕತ್ತರಿ ತಂದು ನನ್ನ ಕೈಗಿಟ್ಟು, "ಈಗ ಫೋಟೋ ತೆಗೀರಿ ಅಕ್ಕಾ," ಅಂದಳು.